ಅಂಗೈ ಏಟು

ಬೇರೆ ಯಾರದೋ ತಲೆಯೆಣ್ಣೆಯ ವಾಸನೆ — ಹೆಡ್‌ಗಾರ್ಡಿನ ಒಳಗೆ ಇನ್ನೂ ಹಸಿಯಾಗಿದೆ, ಬೆಚ್ಚಗಿದೆ, ಈಗಷ್ಟೇ ಆಡಿ ಇಳಿದವಳ ಬೆವರಿರಬೇಕು, ಒಂದು ಸಲ ಒರೆಸಿ ಕೊಡೋಣ ಅನ್ನುವ ಬುದ್ಧಿ ಇಲ್ಲಿ ಯಾರಿಗೂ ಇಲ್ಲ, ಬೇರೆಯವರ ಕೊಳೆ ಹಣೆಗೆ ಅಂಟುವುದು ಹೊಸದೇನಲ್ಲ ಬಿಡು, ಇಪ್ಪತ್ತಾರು ವರ್ಷದಿಂದ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಊರವರ ಕಂಕುಳ ಬೆವರನ್ನು ಹಬೆಯಲ್ಲಿ ಬೇಯಿಸಿ ಮೂಗಿಗೆ ಎಳೆದುಕೊಂಡವಳು ತಾನು, ಕೋಚ್ ಗಲ್ಲದ ಕೆಳಗೆ ಪಟ್ಟಿ ಎಳೆದು ಬಿಗಿದ, ಸರಿಯಾಯ್ತಾ ಇಸ್ತ್ರಿಯಮ್ಮಾ ಎಂದು ಕೇಳಿದ, ಬಾಯಿ ತುಂಬ ಮೌತ್‌ಗಾರ್ಡ್ ತುರುಕಿ ಆಮೇಲೆ ಪ್ರಶ್ನೆ ಕೇಳುತ್ತಾನೆ, ಹಲ್ಲಿನ ಡಾಕ್ಟರೂ ಹೀಗೇ, ಅವಳು ತಲೆ ಆಡಿಸಿದಳು. ಐವತ್ತು ದಾಟಿದ ಹೆಂಗಸರ ಬಾಕ್ಸಿಂಗ್ ಪಂದ್ಯ ಎಂದು ಮೈಕಿನವನು ಕೂಗಿದ, ಕೂಗಿ ಒಂದು ಗಳಿಗೆ ನಿಲ್ಲಿಸಿದ, ನಗುವವರಿಗೆ ಜಾಗ ಬಿಟ್ಟ ಹಾಗೆ, ಯಾರೋ ನಕ್ಕರು ಕೂಡ, ನಗಲಿ, ಬೆಳಗಿನ ಹತ್ತು ಗಂಟೆಗೇ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾರೆ, ಏನಾದರೂ ಸಿಗಬೇಕಲ್ಲ ಪಾಪ. ಎರಡನೆಯ ಸಾಲಿನಲ್ಲಿ ಗಂಡ, ಅವನ ತೊಡೆಯ ಮೇಲೆ ಅವಳ ಚೀಲ, ಚೀಲದ ಮೇಲೆ ಅವಳ ಕನ್ನಡಕದ ಡಬ್ಬಿ, ಡಬ್ಬಿಯ ಮೇಲೆ ಎರಡೂ ಕೈ, ಆಪರೇಷನ್ ಥಿಯೇಟರಿನ ಹೊರಗೆ ಕೂತವನ ಹಾಗೆ, ಕನ್ನಡಕ ಕಳಚಿ ಕೊಟ್ಟಾಗ ಕಂಡದ್ದು, ಬರಬೇಡಿ ಎಂದಿದ್ದಳು, ನೀನು ಬಿದ್ರೆ ಎತ್ಕೊಂಡು ಬರೋಕೆ ಒಬ್ರು ಬೇಡ್ವಾ ಎಂದಿದ್ದ, ಅದು ಕಾಳಜಿಯೋ ಗೇಲಿಯೋ ಮೂವತ್ತು ವರ್ಷವಾದರೂ ಗೊತ್ತಾಗಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಈಗ ಇಲ್ಲ. ಎದುರು ಮೂಲೆಯಲ್ಲಿ ಗಣಿತದ ಟೀಚರ್ — ಕನ್ನಡಕವಿಲ್ಲದೆ ಮುಖ ಕಾಣುವುದಿಲ್ಲ, ನೀಲಿ ಬನಿಯನ್ನು, ನೀಲಿ ಗ್ಲೌಸು, ಮೇಲೊಂದು ಕಂದು ಮಸುಕು — ನಂಗೆ ಶುಗರು, ನಡೀರಿ ಅಂದ್ರು ಡಾಕ್ಟ್ರು, ನಡೆಯೋದು ಬೇಜಾರು ಅಂತ ಇದಕ್ಕೆ ಸೇರ್ಕೊಂಡೆ, ನಿಮ್ಗೆ? ಎಂದು ತೂಕ ನೋಡುವಾಗ ನಗುನಗುತ್ತ ಕೇಳಿದ್ದಳು ಟೀಚರ್, ನಂಗೇನೂ ಕಾಯಿಲೆ ಇಲ್ಲ ಎಂದು ಇವಳು ತೂಕದ ಯಂತ್ರದಿಂದ ಇಳಿದಿದ್ದಳು, ಒಳ್ಳೆಯ ಹೆಂಗಸು, ಆ ಒಳ್ಳೆಯತನ ಕಂಡರೇ ಮೈ ಉರಿಯುತ್ತದೆ, ನಗುವುದಕ್ಕೆ ಬಂದವಳು ಹೊಡೆದಾಟಕ್ಕೆ ಯಾಕೆ ಬರಬೇಕು.

ಗಂಟೆ ಹೊಡೆಯಿತು. ಎಡಗಾಲು ಮುಂದೆ, ಹಿಮ್ಮಡಿ ಎತ್ತು, ಗಲ್ಲ ಕೆಳಗೆ, ಎಡಗೈ ಚಾಚು — ಎಡ, ಎಡ, ಬಲ — ಕೋಚ್ ಹಗ್ಗದ ಹೊರಗಿನಿಂದ ಕೂಗುತ್ತಿದ್ದಾನೆ, ಕೈ ವಾಪಸ್ ತನ್ನಿ, ವಾಪಸ್ಸು, ಅಲ್ಲೇ ಬಿಟ್ರೆ ಯಾರು ತರ್ತಾರೆ, ಮೊಣಕಾಲು ಕಟಕ್ ಎಂದಿತು, ಎನ್ನಲಿ, ಮೊಣಕಾಲಿಗೆ ಎಣ್ಣೆ ಹಚ್ಕೊಂಡು ಕೂತ್ಕೊಳ್ಳೋ ವಯಸ್ಸಲ್ಲಿ ಇದೇನತ್ಗೆ ಎಂದು ಫೋನಿನಲ್ಲಿ ಕಿಸಕ್ಕೆಂದ ನಾದಿನಿಯ ಬಾಯಿಗೆ ಒಂದು ಎಡ, ತಪ್ಪಿತು, ಟೀಚರ್ ಸರಿದಳು, ಶುಗರಿನವಳು ಇಷ್ಟು ಚುರುಕಾಗಿ ಸರಿಯುತ್ತಾಳೆಂದು ಯಾರಿಗೆ ಗೊತ್ತಿತ್ತು, ನೀಲಿ ಗ್ಲೌಸು ಬಂತು, ದೊಡ್ಡದಾಯಿತು, ಮೂಗಿನ ಬುಡಕ್ಕೆ ಕೂತಿತು — ಕಣ್ಣಲ್ಲಿ ನೀರು, ಅಳುವಲ್ಲ, ಮೂಗಿಗೆ ಬಿದ್ದರೆ ಕಣ್ಣು ತಾನಾಗಿ ಒಸರುತ್ತದೆ, ಆವತ್ತೂ ಒಸರಿತ್ತು, ಆವತ್ತು ಕೆನ್ನೆಗೆ ಬಿದ್ದದ್ದು, ಪಟ್ ಎಂದು ಒಂದೇ ಸದ್ದು, ಅಂಗಡಿಯ ಸ್ಟೀಮಿನ ಬುಸಬುಸವನ್ನೂ ಮೀರಿ ಕೇಳಿತಲ್ಲ. ಒಂಬತ್ತು ತಿಂಗಳ ಹಿಂದೆ, ಗುಂಡಿಯಪ್ಪ — ಅವನ ಹೆಸರು ಅವಳಿಗೆ ಗೊತ್ತಿಲ್ಲ, ಡ್ರೈಕ್ಲೀನಿಂಗಿನ ರಸೀದಿಯಲ್ಲಿ ನಂಬರು ಮಾತ್ರ ಇರುತ್ತದೆ, ಹೆಸರಿಟ್ಟವಳು ಅವಳೇ — ಬೂದು ಬಣ್ಣದ ಕೋಟು, ತೋಳಿನ ತುದಿಯ ನಾಲ್ಕು ಗುಂಡಿಗಳಲ್ಲಿ ಒಂದು ಪ್ರೆಸ್ಸಿನ ಅಡಿ ಸೀಳಿತ್ತು, ಮುಚ್ಚಿಟ್ಟು ಮಡಿಸಿ ಕೊಟ್ಟಿದ್ದರೆ ಅವನಿಗೆ ಗೊತ್ತಾಗುತ್ತಲೂ ಇರಲಿಲ್ಲ, ತಾನೇ ತೋರಿಸಿದಳು, ಪ್ರಾಮಾಣಿಕತೆ, ಥೂ, ಸರ್ ಇದೊಂದು ಗುಂಡಿ ಸೀಳಿದೆ, ಇಂಥದ್ದೇ ಹುಡುಕಿ ಹಾಕ್ಕೊಡ್ತೀನಿ, ಅರ್ಧ ಗಂಟೆ ಎಂದಳು, ಅವನು ಗಡಿಯಾರ ನೋಡಿದ, ಗುಂಡಿ ನೋಡಿದ, ಹೊಡೆದ. ಹಲ್ಲು ಕಚ್ಚಲಿಲ್ಲ, ಬೈಯಲಿಲ್ಲ, ಮೈಮೇಲೆ ಕೂತ ಸೊಳ್ಳೆಗೆ ಹೊಡೆದ ಹಾಗೆ, ಹೊಡೆದು ಮುಗಿಸಿ ಗುಂಡಿ ಹಾಕಿ ಅಂದ, ಬಹುವಚನದಲ್ಲಿ, ಅವಳು ಸಾರಿ ಸರ್ ಎಂದಳು. ಅಂದದ್ದು ಅವಳೇ, ಅವಳ ಬಾಯೇ. ಮಾಲೀಕ ಗಲ್ಲಾದಿಂದ ಎದ್ದು ಓಡಿ ಬಂದ, ಬಂದದ್ದು ಅವನ ಕಡೆಗೆ, ಕೂತ್ಕೊಳ್ಳಿ ಸರ್, ಬಿಸಿಯಾಗ್ಬೇಡಿ, ಏಯ್, ಸಾಹೇಬ್ರಿಗೆ ನೀರು ಕೊಡು ಅಂದ, ಮತ್ತು ಅವಳು ಕೊಟ್ಟಳು, ಲೋಟ ತೊಳೆದು, ತಟ್ಟೆಯ ಮೇಲಿಟ್ಟು, ಕೆನ್ನೆಯಲ್ಲಿ ಬೆರಳು ಮೂಡಿಸಿಕೊಂಡು ಹೋಗಿ ಕೊಟ್ಟಳು, ಅವನು ಅರ್ಧ ಕುಡಿದು ಅರ್ಧ ಬಿಟ್ಟ. ಕೈ ಎತ್ತಿ, ಕೈ ಎತ್ತಿ ಇಸ್ತ್ರಿಯಮ್ಮಾ, ಮುಖ ಯಾರಿಗೆ ಬಿಟ್ಕೊಟ್ರಿ — ಕೋಚ್.

ಬಿಟ್ಟಾಕು, ದೊಡ್ಡೋರ ಸಹವಾಸ ನಮಗ್ಯಾಕೆ, ಎಂದ ಗಂಡ ಆ ಸಂಜೆ, ಟಿವಿಯ ಸದ್ದು ಕಡಿಮೆ ಮಾಡಿ ಅಂದ, ಅಷ್ಟರ ಮಟ್ಟಿಗೆ ಮರ್ಯಾದಸ್ಥ, ನಾಳೆ ಅವನೇ ಬಂದು ತಪ್ಪಾಯ್ತು ಅಂತಾನೆ ನೋಡು ಎಂದ, ನಾಳೆ ಬರಲಿಲ್ಲ, ನಾಡಿದ್ದು ಬರಲಿಲ್ಲ, ಹದಿನೆಂಟನೆಯ ದಿನ ಈಜುಕೊಳದ ಹಿಂದಿನ ಈ ಬಾಕ್ಸಿಂಗ್ ಹಾಲ್‌ನ ಮುಂದೆ ಅವಳು ಬಸ್ಸಿನಿಂದ ಇಳಿದಳು, ಒಳಗಿನಿಂದ ಧಬ್ ಧಬ್ ಸದ್ದು ಕೇಳುತ್ತಿತ್ತು, ಯಾರೋ ಒಗೆಯುತ್ತಿದ್ದಾರೆ ಅನ್ನಿಸಿತ್ತು ಮೊದಲು. ಮಗಳನ್ನ ಸೇರಿಸ್ಬೇಕಾ ಎಂದು ಕೇಳಿದ್ದ ಕೋಚ್, ನನ್ನನ್ನೇ ಎಂದಳು, ಅವನ ಮೂಗು ಎರಡು ಕಡೆ ಮುರಿದು ಬಾಗಿದೆ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ನಗಲಿಲ್ಲ, ಅದೊಂದಕ್ಕೆ ಅವನನ್ನು ಅರ್ಧ ಕ್ಷಮಿಸಿದ್ದಾಳೆ, ಯಾರನ್ನ ಹೊಡೀಬೇಕಾಗಿದೆ ಎಂದು ಕೇಳಿದ, ಯಾರನ್ನೂ ಇಲ್ಲ, ಎಂದಳು, ಎಲ್ಲರೂ ಹಾಗೇ ಹೇಳೋದು ಎಂದ. ತೂಗು ಹಾಕಿದ ಆ ಕಪ್ಪು ಚೀಲಕ್ಕೆ ಮೊದಲ ದಿನವೇ ಗುಂಡಿಯಪ್ಪನ ಮುಖ ಹೊಲಿದಳು, ನೆರಿಗೆ ಬಿದ್ದ ಹಣೆ, ಒದ್ದೆ ತುಟಿ, ಎಡ ಹುಬ್ಬಿನಲ್ಲಿ ಒಂದು ಬಿಳಿ ಕೂದಲು, ಒಂದನ್ನೂ ಬಿಡದೆ ಹೊಲಿದಳು, ವಾರಕ್ಕೆ ಮೂರು ಸಂಜೆ, ಸ್ನಾನದ ಮನೆಯಲ್ಲಿ ಮುಂಗೈ ಸುತ್ತುವ ಪಟ್ಟಿ ಒಗೆದು ಹರವಿದರೆ ಮಗಳು ಮೂಗು ಮುಚ್ಚಿಕೊಂಡು ಅಮ್ಮಾ ಇದೇನ್ ಗಬ್ಬು ಎನ್ನುತ್ತಿದ್ದಳು, ಒಂದು ಚಟ ಅಂತ ಅಂದ್ಕೋ, ಎನ್ನುತ್ತಿದ್ದಳು ಇವಳು. ನೇರ ಏಟು ಬಂತು, ಆರು ವಾರದಲ್ಲಿ ಬಂತು, ಬರದೇ ಹೋದದ್ದು ಪಕ್ಕದ ಏಟು, ತೋಳು ಬೀಸಿದರೆ ಮುಷ್ಟಿ ತಿರುಗುವುದೇ ಇಲ್ಲ, ಗ್ಲೌಸಿನ ಒಳಭಾಗ ಹೋಗಿ ಪಟ್ ಎನ್ನುತ್ತದೆ, ಇಸ್ತ್ರಿ ಉಜ್ಜಿದಂಗೆ ಉಜ್ತೀರಲ್ರೀ, ಗೆಣ್ಣಿಂದ ಹೊಡೀರಿ ಗೆಣ್ಣಿಂದ, ಅಂಗೈಲಿ ಹೊಡೆದ್ರೆ ಫೌಲು, ಎಚ್ಚರಿಕೆ ಕೊಡ್ತಾರೆ, ಇನ್ನೊಂದ್ಸಲ ಆದ್ರೆ ಪಾಯಿಂಟ್ ಕಟ್ಟು, ಎಂದ ಕೋಚ್. ಅಂಗೈಯಲ್ಲಿ ಹೊಡೆದರೆ ತಪ್ಪಾ ಸರ್, ಎಂದು ಕೇಳಿದ್ದಳು. ತಪ್ಪೇ ಅಲ್ವಾ ಮತ್ತೆ, ಎಂದ ಅವನು. ಅವಳು ನಗಾಡಿಬಿಟ್ಟಿದ್ದಳು, ಮೌತ್‌ಗಾರ್ಡು ನೆಲಕ್ಕೆ ಬೀಳುವಷ್ಟು, ಎದುರಿಗೆದುರು ಗುದ್ದಾಡಲೆಂದೇ ಕಟ್ಟಿದ ಜಾಗದಲ್ಲಿ ಕಪಾಳಕ್ಕೆ ಹೊಡೆಯುವುದು ತಪ್ಪಂತೆ.

ಗಂಟೆ. ಸ್ಟೂಲು. ಕೋಚ್ ಮೌತ್‌ಗಾರ್ಡ್ ಕಿತ್ತ, ನೀರು ಹನಿಸಿದ, ಎಲ್ಲಿದೀರಿ ನೀವು, ಎಂದ, ಆಯಮ್ಮ ಪುಣ್ಯಕ್ಕೆ ಮೆತ್ತಗೆ ಹೊಡೀತಿದಾರೆ, ಇಲ್ಲಿಗೆ ಬನ್ನಿ ಸ್ವಲ್ಪ. ಇಲ್ಲಿಗೆ ಹೇಗೆ ಬರುವುದು, ಗುರುವಾರದಿಂದ ಅವಳು ಕೌಂಟರಿನ ಹಿಂದೆಯೇ ನಿಂತಿದ್ದಾಳೆ. ಗುರುವಾರ ಹನ್ನೊಂದೂವರೆಗೆ ಅವನು ಬಂದ, ಗುಂಡಿಯಪ್ಪ, ತಾನಾಗಿ ಬಾಗಿಲು ತಳ್ಳಿಕೊಂಡು, ತೋಳಿನ ಮೇಲೆ ಎರಡು ಪ್ಯಾಂಟು, ಏನಮ್ಮಾ ಚೆನ್ನಾಗಿದೀಯಾ, ಶನಿವಾರಕ್ಕೆ ಸಿಗುತ್ತಾ ಎಂದ, ನಕ್ಕ, ಅವಳ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು, ಬಿಸಿಯದು, ಹಬೆಯ ನಳಿಗೆ ಇನ್ನೂ ಉಸಿರಾಡುತ್ತಿತ್ತು, ಅವನು ಪ್ಯಾಂಟು ಇಳಿಸಿ ಕೈಯನ್ನು ಕೌಂಟರಿನ ಮೇಲೆ ಇಟ್ಟ, ಬಲಗೈ, ಬೋರಲು, ಬೆರಳು ಹರಡಿ, ಅವಳಿಂದ ಒಂದು ಮೊಳ ದೂರ. ಅವಳು ಇಸ್ತ್ರಿಪೆಟ್ಟಿಗೆಯನ್ನು ಅದರ ಜಾಗದಲ್ಲಿ ಇಟ್ಟಳು. ಇಟ್ಟು, ಸರ್ ಒಂಬತ್ತು ತಿಂಗಳ ಹಿಂದೆ ನೀವು ಇಲ್ಲೇ ನಿಂತು ನನ್ನ ಕೆನ್ನೆಗೆ ಹೊಡೆದ್ರಿ, ಎಂದಳು, ಅದನ್ನು ಎಷ್ಟು ಸಲ ಬಸ್ಸಿನಲ್ಲಿ ಅಭ್ಯಾಸ ಮಾಡಿದ್ದಳು. ನಾನಾ? ಎಂದ ಅವನು. ಅವನು ನಟಿಸಲಿಲ್ಲ, ಅದು ಸಾಯುವ ತನಕ ಅವಳಿಗೆ ಗೊತ್ತಿರುತ್ತದೆ, ಹಣೆ ಗಂಟಿಕ್ಕಿ, ನಿಜವಾಗಿ ಯೋಚಿಸಿದ, ಛೆ ಛೆ, ಬೇರೆ ಯಾರೋ ಇರ್ಬೇಕಮ್ಮಾ, ನಾನ್ಯಾಕ್ ಹೊಡೀಲಿ, ನಂಗೆ ನೊಣ ಹೊಡೆಯೋಕೂ ಮನಸ್ಸು ಬರಲ್ಲ ಎಂದ. ಕೋಟಿನ ಗುಂಡಿ ಸರ್, ಬೂದು ಕೋಟು, ಎಂದಳು. ಬೂದು ಕೋಟು ಇದೆ ನಂದು, ಎಂದು ಖುಷಿಯಿಂದ ಒಪ್ಪಿದ ಅವನು, ಬೂದು ಕೋಟು ನೆನಪಿದೆ, ಮಾಲೀಕ ಬಂದ, ಅವಳಿಗೆ ಈಚೆಗೆ ಸ್ವಲ್ಪ ತಲೆ ಬಿಸಿ ಸರ್, ಗುದ್ದಾಟ ಬೇರೆ ಕಲೀತಿದಾಳೆ ಈ ವಯಸ್ಸಲ್ಲಿ, ಎಂದ, ಓಹೋ ಹೌದಾ, ಭೇಷ್ ಭೇಷ್ ಎಂದ ಅವನು, ಕಣ್ಣರಳಿಸಿ, ಹಾಗಾದ್ರೆ ನಿಮ್ಮ ಹತ್ರ ಹುಷಾರಾಗಿರ್ಬೇಕಪ್ಪ ಎಂದ, ಇಬ್ಬರೂ ನಕ್ಕರು, ಮತ್ತೆ ಅವನು ಕಾದ, ಬೆರಳುಗಳಿಂದ ಕೌಂಟರು ತಟ್ಟುತ್ತ, ರಸೀದಿಗೆ. ಅವಳು ಬರೆದಳು. ಪ್ಯಾಂಟು ಎರಡು, ಶನಿವಾರ. ಒಂಬತ್ತು ತಿಂಗಳು ಗೆಣ್ಣು ಸುಲಿದುಕೊಂಡ ಈ ಬಲಗೈಯೇ ಬರೆಯಿತು, ಹರಿಯಿತು, ಆ ಕೈಗೆ ಕೊಟ್ಟಿತು. ಪ್ಯಾಂಟು ಎರಡನ್ನೂ ಅವಳೇ ಪ್ರೆಸ್ ಮಾಡಿದಳು, ನಿನ್ನೆ, ಗೆರೆ ಕತ್ತಿಯ ಹಾಗೆ ಬಂದಿತ್ತು.

ಗಂಟೆ. ಎದ್ದಳು, ಈಗ ಬಂದಳು ನೋಡಿ ಕೋಚ್ ಸಾಹೇಬ್ರೆ, ಇಲ್ಲಿದ್ದೀನಿ, ಎಡ, ಎಡ, ಎಡ, ಟೀಚರ್ ಹಿಂದೆ ಹೋದಳು, ಹಗ್ಗಕ್ಕೆ ಒರಗಿದಳು, ಹತ್ತಿರದಲ್ಲಿ ಮುಖ ಕಾಣುತ್ತಿದೆ, ಗುಂಡು ಮುಖ, ಹಣೆಯಲ್ಲಿ ಬೆವರ ಸಾಲು, ಒಳ್ಳೆಯ ಹೆಂಗಸು, ಬರ್ತಾ ಬರ್ತಾ ಜೋರಾದ್ರಿ ಎಂದು ಮೌತ್‌ಗಾರ್ಡಿನ ಸಂದಿಯಿಂದ ಗೊಣಗಿದಳು, ನಗುತ್ತಿದ್ದಾಳೆ, ಈಗಲೂ, ಛೆ ಛೆ ಬೇರೆ ಯಾರೋ ಇರ್ಬೇಕಮ್ಮಾ — ಬಲ ಬೀಸಿದಳು, ಅಗಲಕ್ಕೆ, ಪಟ್. ರೆಫರಿ ನಡುವೆ ಬಂದ, ಅಂಗೈ, ತೆರೆದ ಕೈ, ಮೊದಲನೇ ಎಚ್ಚರಿಕೆ ಎಂದು ತನ್ನ ಕೈಯನ್ನೇ ಬಿಚ್ಚಿ ತೋರಿಸಿದ, ತಲೆ ಆಡಿಸಿದಳು, ಗೊತ್ತು, ಗೊತ್ತಪ್ಪಾ ಗೊತ್ತು, ಮುಷ್ಟಿ ತಿರುಗಿಸಿ ಇಸ್ತ್ರಿಯಮ್ಮಾ, ಕೇಳಿಸುತ್ತಿದೆ, ಮತ್ತೆ ಹೋದಳು, ಎಡ, ಎಡ, ಟೀಚರ್ ಕೈ ಇಳಿಸಿದಳು, ಕೆನ್ನೆ ಬಂತು, ಇಡೀ ಕೆನ್ನೆ, ಮುಷ್ಟಿ ತಿರುಗಿಸಬಹುದಿತ್ತು, ಸಮಯವಿತ್ತು, ತಿರುಗಿಸಲಿಲ್ಲ. ಬೇಕೆಂದೇ ಹೊಡೆದಳು, ಅಂಗೈಯಲ್ಲಿ, ಮೈಯೆಲ್ಲ ಕೂಡಿಸಿ. ಟೀಚರ್ ಹೊಡೆದವಳನ್ನು ನೋಡಿದಳು, ನಗು ಹೋಗಿತ್ತು, ನೋವೂ ಇರಲಿಲ್ಲ ಅಲ್ಲಿ, ನಂಗ್ಯಾಕೆ ಎನ್ನುವ ಒಂದು ಪೆದ್ದು ಪ್ರಶ್ನೆ ಮಾತ್ರ, ಬಾಯಿ ಸ್ವಲ್ಪ ತೆರೆದುಕೊಂಡಿತ್ತು, ಈ ಮುಖವನ್ನು ಹೊರಗಿನಿಂದ ಅವಳು ಇದೇ ಮೊದಲು ನೋಡುತ್ತಿರುವುದು, ಹೀಗಿರುತ್ತದಾ, ಇಷ್ಟು ಪೆದ್ದಾಗಿರುತ್ತದಾ, ಇದನ್ನು ನೋಡಿಯೂ ಒಬ್ಬ ಮನುಷ್ಯ ಮರೆಯುತ್ತಾನಾ. ಪಾಯಿಂಟ್ ಕಟ್ ಎಂದ ರೆಫರಿ. ಹಾಕಿ, ಎರಡು ಕಟ್ ಮಾಡಿ, ಎಲ್ಲಾ ಕಟ್ ಮಾಡಿ, ಇಲ್ಲಾದರೂ ಒಬ್ಬ ಲೆಕ್ಕ ಇಡುತ್ತಾನಲ್ಲ.

ಮೂರನೆಯ ಸುತ್ತಿನಲ್ಲಿ ಟೀಚರ್ ಮೆತ್ತಗೆ ಹೊಡೆಯಲಿಲ್ಲ. ಪಕ್ಕೆಗೆ ಒಂದು, ಹೊಟ್ಟೆಗೆ ಒಂದು, ಉಸಿರು ಎಲ್ಲಿಗೋ ಹೋಯಿತು, ಬಾ, ಬಾ ತಾಯಿ, ಇದು ಸರಿ, ಈಗ ನೀನು ಹೊಡೆಯುತ್ತಿರುವುದು ನನಗೇ, ನನ್ನ ಮುಖ ನೋಡಿಕೊಂಡೇ, ಇದಕ್ಕೆ ಲೆಕ್ಕ ಉಂಟು, ತುಟಿಯಲ್ಲಿ ಉಪ್ಪು, ಸಾಕ್ರೀ ಅವಳನ್ನ ಇಳಿಸ್ರೀ ಎಂದು ಗಂಡ ಕೂಗಿದ, ಎದ್ದು ನಿಂತಿದ್ದಾನೆ, ಕನ್ನಡಕದ ಡಬ್ಬಿ ನೆಲಕ್ಕೆ ಬಿತ್ತು, ಕೂತ್ಕೊಳ್ರೀ ಎಂದಳು, ಮೌತ್‌ಗಾರ್ಡಿನಲ್ಲಿ ಅದು ಬರೀ ಗುಟುರಾಯಿತು, ಆದರೂ ಅವನು ಕೂತ. ಎಡ ಚಾಚಿದಳು, ಟೀಚರ್ ಒಳಗೆ ಬಂದಳು, ಬಲಗಾಲಿನ ಹಿಮ್ಮಡಿ ತಾನಾಗಿ ತಿರುಗಿತು, ಸೊಂಟ ತಿರುಗಿತು, ಭುಜ, ಮೊಣಕೈ, ಮುಷ್ಟಿ — ಗೆಣ್ಣು ಹೋಗಿ ಹಣೆಗೆ ಕೂತಿತು, ನೇರ, ಟೀಚರಿನ ತಲೆ ಹಿಂದಕ್ಕೆ ಹೋಗಿ ಬಂತು, ಸದ್ದೇ ಬೇರೆ, ಧಬ್, ಅದು! ಅದೇ! ಅದನ್ನೇ ಹೇಳಿದ್ದು ನಾನು! ಎಂದು ಕುಣಿದ ಕೋಚ್, ಮುಂಚೆ ನಕ್ಕವನೂ ಚಪ್ಪಾಳೆ ತಟ್ಟಿದ. ಇಷ್ಟೇನಾ. ಗುಂಡಿಯಪ್ಪನ ಮುಖಕ್ಕೆಂದು ಕಾಯ್ದಿಟ್ಟ ಏಟು ಕೊನೆಗೂ ಬಂತು, ಬಂದಾಗ ಅಲ್ಲಿ ಅವನ ಮುಖವಿರಲಿಲ್ಲ. ಹುಡುಕಿದಳು. ಹುಬ್ಬಿನ ಬಿಳಿ ಕೂದಲು ಎಡಕ್ಕೋ ಬಲಕ್ಕೋ, ತುಟಿ ಹೇಗಿತ್ತು, ಒಂಬತ್ತು ತಿಂಗಳು ಹೊಲಿದದ್ದು ದಾರ ಎಳೆದ ಹಾಗೆ ಬಿಚ್ಚಿಹೋಗಿದೆ, ಅವನು ಮರೆತ, ಅವಳೂ ಮರೆಯುತ್ತಿದ್ದಾಳೆ, ಅದೊಂದು ಅನ್ಯಾಯ ಉಳಿದಿತ್ತು. ಗಂಟೆ. ರೆಫರಿ ಇಬ್ಬರ ಮುಂಗೈ ಹಿಡಿದು ನಡುವೆ ನಿಂತ, ಒಂದೇ ಒಂದು ಪಾಯಿಂಟು ಎಂದ ಮೈಕಿನವನು, ನೀಲಿ ಎಂದ, ಟೀಚರಿನ ಕೈ ಮೇಲೆ ಹೋಯಿತು, ಅವಳದು ಕೆಳಗೇ ಉಳಿಯಿತು, ಅವಳು ಟೀಚರಿನ ಕಡೆಗೆ ತಿರುಗಿ, ಮೌತ್‌ಗಾರ್ಡ್ ಉಗುಳಿ, ಎರಡನೇದು ಬೇಕು ಅಂತ್ಲೇ ಹೊಡೆದೆ, ನೀವಲ್ಲ ಅದು, ಆದ್ರೂ ನಿಮ್ಗೇ ಹೊಡೆದೆ, ನೆನಪಿಟ್ಕೊಂಡಿರ್ತೀನಿ ಎಂದಳು, ಟೀಚರ್ ಇಟ್ಕೊಳ್ಳಿ ಎಂದಳು, ನಗಲಿಲ್ಲ, ಇಳಿದು ಹೋದಳು. ಕೋಚ್ ಪಟ್ಟಿ ಬಿಚ್ಚುತ್ತ ಏನೋ ಹೇಳುತ್ತಿದ್ದಾನೆ, ಮುಂದಿನ ಸಲ, ಮುಷ್ಟಿ, ಆರು ತಿಂಗಳು, ಅವಳಿಗೆ ಕೇಳುತ್ತಿಲ್ಲ, ಮುಖ ಹೋದ ಜಾಗದಲ್ಲಿ ಒಂದೇ ಇದೆ, ಮುಖಕ್ಕಾದರೆ ಗುದ್ದಬಹುದು, ಅದಕ್ಕೆ ಗುದ್ದುವುದು ಹೇಗೆಂದು ಇಲ್ಲಿ ಯಾರೂ ಕಲಿಸುವುದಿಲ್ಲ, ಕೌಂಟರಿನ ಮೇಲೆ ಒಂದು ಬಲಗೈ, ಬೋರಲು, ಉಗುರು ನೀಟಾಗಿ ಕತ್ತರಿಸಿದ್ದು, ಮೆತ್ತಗೆ, ಚೊಕ್ಕ, ಏನೂ ಮಾಡದ ಕೈ, ಬೆರಳು ಹರಡಿ, ಒಂದು ಮೊಳ ದೂರದಲ್ಲಿ, ತಟ್ಟುತ್ತ, ರಸೀದಿಗೆ ಕಾಯುತ್ತ, ಬಲಗೈ, ಬೋರಲು