ಉತ್ತರದ ಗೋಡೆಯ ನಲ್ಲಿ

ಅಡುಗೆಮನೆಯ ಉತ್ತರದ ಗೋಡೆಯ ನಲ್ಲಿ ತಿರುಗಿತು, ನೀರು ಬರಲಿಲ್ಲ.

ಡಾಕ್ಟರ್ ವಿದ್ಯಾವತಿ ಇನ್ನಷ್ಟು ತಿರುಗಿಸಿ ನೋಡಿದರು. ೨೦೨೨ರ ಕ್ರಿಸ್‌ಮಸ್ಸಿಗೆ ಎರಡು ದಿನವಿತ್ತು. ಅಮೆರಿಕದ ಅಟ್ಲಾಂಟಾ ಅಪರೂಪಕ್ಕೆ ಕಾಣುವ ಚಳಿಗೆ ಊರೆಲ್ಲ ಸಜ್ಜಾಗಿತ್ತು. ಹಿಮ ಕರಗಿಸುವ ಉಪ್ಪಿನ ಲಾರಿಗಳು ರಸ್ತೆಗಿಳಿದಿದ್ದವು, ಅಂಗಡಿಗಳಲ್ಲಿ ಹಾಲು, ಬ್ರೆಡ್ಡು ಮಾಯವಾಗಿದ್ದವು. ಊರಂಚಿನ ನಾರ್‌ಕ್ರಾಸ್‌ನ ಈ ಮನೆಯ ಸಿದ್ಧತೆ ಮಾತ್ರ ಪತಿ, ನಿವೃತ್ತ ಇಂಜಿನಿಯರ್ ಸೋಮಲಿಂಗಪ್ಪನವರದು. ನಸುಕಿನಲ್ಲೇ ನಲ್ಲಿಗಳನ್ನೆಲ್ಲ ತೊಟ್ಟಿಕ್ಕಲು ಬಿಟ್ಟು, "ಹರಿಯೋ ನೀರು ಫ್ರೀಜ್ ಆಗಂಗಿಲ್ಲ. ಯಾರೂ ಮುಟ್ಟಬ್ಯಾಡ್ರಿ" ಎಂದು ಅಪ್ಪಣೆ ಹೊರಡಿಸಿದ್ದರು.

ಮುಟ್ಟಿದವರು ವಿದ್ಯಾವತಿಯೇ. ಗದಗಿನ ಓಣಿಯಲ್ಲಿ ಹತ್ತು ದಿನಕ್ಕೊಮ್ಮೆ ನೀರು ಕಂಡು ಬೆಳೆದ ಕೈ. ತೊಟ್ಟಿಕ್ಕುವ ನಲ್ಲಿಯನ್ನು ಕಂಡರೆ ಒಡತಿಯನ್ನು ಕೇಳದೆಯೇ ತಿರುಗಿಸಿಬಿಡುತ್ತದೆ.

"ರೀ, ನಳಾ ನಾನೇ ಬಂದ್ ಮಾಡೀನಿ."

"ಭೇಷ್, ಡಾಕ್ಟರ್ ಬಾಯಾರ! ಮಾತು ಕೇಳೂದಿಲ್ಲ ಅಂತ ನಲವತ್ತು ವರ್ಷ ಪೇಷಂಟ್ಸಿಗೆ ಬೈದ್ರಿ."

"ನನಗ ಬೈಯೂದು ಆಮ್ಯಾಲೆ. ಬರ್ಫ ಉಬ್ಬಿ ಪೈಪ್ ಒಡದೈತೇನು?"

"ಬರ್ಫ ಕರಗಿದ ಮ್ಯಾಲೇ ಗೊತ್ತು. ನೀರು ನಳದಾಗ ಬಂದ್ರ ಬಚಾವ್. ಗೋಡ್ಯಾಗ ಬಂದ್ರ ಬೇಸ್‌ಮೆಂಟ್ ಕೆರಿ!"

ಪ್ಲಂಬರ್ ಯಾರೂ ಫೋನು ಎತ್ತಲಿಲ್ಲ. ಸೋಮಲಿಂಗಪ್ಪ ನೆಲಮಾಳಿಗೆಗಿಳಿದು ಗೋಡೆ ಒದ್ದೆಯಾದರೆ ತಕ್ಷಣ ನೀರು ನಿಲ್ಲಿಸಲು ಮೇನ್ ವಾಲ್ವಿನ ಮೇಲೆ ಕೈಯಿಟ್ಟು ನಿಂತರು. ವಿದ್ಯಾವತಿ ಸಿಂಕಿನ ಕೆಳಗಿನ ಬಾಗಿಲು ತೆರೆದು, ಕೊಳವೆಗೆ ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದರು.

ಇಪ್ಪತ್ತು ನಿಮಿಷ. ಸದ್ದಿಲ್ಲ. ನಲವತ್ತು. ಡ್ರೈಯರ್ ಆರಿಸಿ, ತೆರೆದ ನಲ್ಲಿಗೆ ಕಿವಿಯಿಟ್ಟರು.

ಹೀಗೆಯೇ ಕೂರುತ್ತಿದ್ದಳು, ಹನ್ನೆರಡರ ಹುಡುಗಿ ವಿದ್ಯಾ. "ಓದಕೋತ ಕಿವಿ ಈ ಕಡೆ ಇಡು" ಎಂದು ಅವ್ವ ಓಣಿಯ ನಲ್ಲಿಯ ಬುಡದಲ್ಲಿ ಕೂರಿಸಿ ಹೋಗುತ್ತಿದ್ದಳು. ನೀರಿಗಿಂತ ಮೊದಲು ಗಾಳಿ ಬರುತ್ತಿತ್ತು. ಆ ಸದ್ದು ಹಿಡಿದು ಅವಳು ಕೂಗಿದರೆ ಸಾಕು, ಮನೆಮನೆಯ ಕೊಡಗಳು ಖಣಖಣಿಸಿಕೊಂಡು ಓಡಿಬರುತ್ತಿದ್ದವು. ಡಾಕ್ಟರಾಗುವ ಓದು ಶುರುವಾದದ್ದೂ ಆ ಕಾವಲಿನಲ್ಲೇ.

ಸುಂಯ್...

ವಿದ್ಯಾವತಿ ತಲೆಯೆತ್ತಿದರು. ನಲ್ಲಿ ಗೊರಕ್ಕೆಂದು ಕೆಮ್ಮಿತು, ಒಂದು ಹನಿ ಉಗುಳಿತು, ಮತ್ತೆ ಕೆಮ್ಮಿ ಧಾರೆಯಾಗಿ ಸುರಿಯಿತು.

"ನಳಾ ಬಂತೂ!"

ಅರವತ್ತು ವರ್ಷದ ಹಿಂದಿನ ಕೂಗು ಮನೆಯನ್ನೆಲ್ಲ ತುಂಬಿತು. ಕೆಳಗೆ ಗೋಡೆ ತಟ್ಟಿ ನೋಡುವ ಸದ್ದು ಕೇಳಿತು.

"ಗೋಡಿ ಒಣಗೇ ಐತಿ! ಇನ್ನ ಸಣ್ಣಗ ಬಿಡು. ಪೂರಾ ಬಂದ್ ಮಾಡಬ್ಯಾಡ, ಮಾರಾಯ್ತಿ!"

ಧಾರೆ ಹನಿಯಾಗುವವರೆಗೆ ತಿರುಗಿಸಿದ ಕೈ ಇನ್ನೂ ತಿರುಗಿಸಲು ತವಕಿಸಿತು. ವಿದ್ಯಾವತಿ ಅದನ್ನು ಹಿಂದೆಳೆದುಕೊಂಡು, ಅವ್ವನ ತಾಮ್ರದ ತಂಬಿಗೆಯನ್ನು ನಲ್ಲಿಯ ಕೆಳಗಿಟ್ಟರು; ಕುರ್ಚಿ ಎಳೆದುಕೊಂಡು, ಅದು ತುಂಬುವುದನ್ನು ಕಾಯುತ್ತ ಕುಳಿತರು.