ವೀಸಾದಲ್ಲಿ ಬರೆದಿದ್ದ ಕೆಲಸ

ತುಮಕೂರು ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋಗುವವರಿಗೆ ತಾವು ಕಲಿತ ಕೆಲಸವೇ ಅಲ್ಲಿ ಸಿಗುತ್ತದೆಯೇ? ಹೇಮಶ್ರೀಯ ಪಿಎಚ್‌ಡಿಗೆ ಇದೇ ವಿಷಯ. ಆರು ತಿಂಗಳಿಂದ ಪ್ರಶ್ನಾವಳಿ ಹಿಡಿದು ಗುಬ್ಬಿ, ಕುಣಿಗಲ್ ಸುತ್ತುತ್ತಿದ್ದಳು. ಗೈಡ್ ಮಹಾಲಿಂಗಯ್ಯನವರು ಮೊದಲ ದಿನವೇ ಎಚ್ಚರಿಸಿದ್ದರು: "ಕೇಳಿ ಬರ್ಕೊ ಅಷ್ಟೆ. ನೀನು ಬಾಯಿ ಹಾಕಿದ್ರೆ ಸ್ಟಡಿ ಕೆಡುತ್ತೆ."

ಹುತ್ರಿದುರ್ಗದ ಯಲ್ಲಯ್ಯ ಅವಳಿಗೆ ಸಿಕ್ಕ ನೂರಹನ್ನೆರಡನೆಯವನು. ತುಮಕೂರಿನ ಸತ್ಯಮಂಗಲದ ವರ್ಕ್‌ಶಾಪೊಂದರಲ್ಲಿ ಹದಿನೆಂಟು ವರ್ಷ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸಿ, ಈಗ ಆ ಕೆಲಸ ಬಿಟ್ಟು ಊರಿಗೆ ಬಂದಿದ್ದ. ಸೋಮವಾರ ವಿಮಾನ. ಏಜೆಂಟ್ ಮೊಬೈಲಿಗೆ ಕಳಿಸಿದ್ದ ವೀಸಾವನ್ನು ಹೆಮ್ಮೆಯಿಂದ ತೋರಿಸಿದ. ಹೇಮಶ್ರೀ ಹುದ್ದೆಯ ಸಾಲನ್ನು ಎರಡೆರಡು ಸಲ ಓದಿದಳು. ಕುರಿ ಕಾಯುವವನು ಎಂದು ಇಂಗ್ಲಿಷಿನಲ್ಲಿತ್ತು.

ಬರೆದುಕೊಂಡು ಎದ್ದುಬಿಡಬಹುದಿತ್ತು. ಅವಳಿಗೆ ಮನಸ್ಸು ಬರಲಿಲ್ಲ.

"ಅಣ್ಣ, ಇದ್ರಲ್ಲಿ ಲೇತ್ ಕೆಲ್ಸ ಅಂತ ಇಲ್ಲ. ಕುರಿ ಕಾಯೋ ಕೆಲ್ಸ ಅಂತ ಇದೆ."

ಯಲ್ಲಯ್ಯ ನಕ್ಕ. ಅವಳು ನಗದಿದ್ದುದನ್ನು ಕಂಡು ಮೊಬೈಲನ್ನು ಮತ್ತೆ ಕೈಗೆ ತೆಗೆದುಕೊಂಡ. ರಾಗಿ ಕೇರುತ್ತಿದ್ದ ಅವನ ಹೆಂಡತಿ ನರಸಿಂಹಮ್ಮ ಮೊರ ಕೆಳಗಿಟ್ಟಳು. "ಪಾಸ್‌ಪೋರ್ಟು ಆ ಏಜೆಂಟನ ತಾವೇ ಐತಲ್ಲವ್ವ," ಎಂದಳು.

ಮರುದಿನ ಮೂವರೂ ತುಮಕೂರಿಗೆ, ಏಜೆಂಟನ ಆಫೀಸಿಗೆ ಹೋದರು. ಯಲ್ಲಯ್ಯ ವೀಸಾದ ಆ ಸಾಲನ್ನು ತೋರಿಸಿದ.

"ಅದು ಬರೀ ಪೇಪರ್ ಮೇಲೆ ಕಣ್ರೀ. ಹೋದ್ಮೇಲೆ ಲೇತ್ ಕೆಲ್ಸಾನೇ ಕೊಡ್ತಾರೆ," ಎಂದ ಏಜೆಂಟ್.

"ಹಂಗಾದ್ರೆ ಅದ್ನೇ ಬರ್ದು ಸೈನ್ ಹಾಕ್ಕೊಡಿ ಸಾರ್," ಎಂದ ಯಲ್ಲಯ್ಯ.

ಏಜೆಂಟ್ ಬರೆಯಲಿಲ್ಲ. ದೂರು ಎಲ್ಲಿ ಕೊಡಬೇಕೆಂದು ತನಗೆ ಗೊತ್ತು ಎಂದು ಹೇಮಶ್ರೀ ತಣ್ಣಗೆ ಹೇಳಿದಳು. ಅವನು ಯಾರಿಗೋ ಫೋನ್ ಮಾಡಿ, ಗೊಣಗುತ್ತಲೇ ಬೀರುವಿನಿಂದ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲೆ ಎಸೆದ.

ಹೊರಗೆ ಬಂದ ಮೇಲೆ ಯಲ್ಲಯ್ಯ ಹೋಟೆಲೊಂದರ ಕಟ್ಟೆಯ ಮೇಲೆ ಕುಳಿತುಬಿಟ್ಟ. ನರಸಿಂಹಮ್ಮ ಪಾಸ್‌ಪೋರ್ಟನ್ನು ಬ್ಯಾಗಿನ ತಳಕ್ಕೆ ತುರುಕಿ, "ಮೊದ್ಲು ಏನಾರ ತಿನ್ನಿ. ಬೆಳಿಗ್ಗೆಯಿಂದ ನೀರೂ ಕುಡ್ದಿಲ್ಲ ನೀವು," ಎಂದಳು. ಮೂವರೂ ತಟ್ಟೆ ಇಡ್ಲಿ ತಿಂದರು. ಯಲ್ಲಯ್ಯ ಇನ್ನೆರಡು ಹಾಕಿಸಿಕೊಂಡ.

ಸಂಜೆ ಹೇಮಶ್ರೀ ನಡೆದದ್ದನ್ನೆಲ್ಲ ಗೈಡಿಗೆ ಹೇಳಿದಳು. "ಯಲ್ಲಯ್ಯನ ಫಾರಂ ಸ್ಟಡಿಯಿಂದ ತೆಗ್ದುಬಿಡು," ಎಂದವರು ದನಿ ತಗ್ಗಿಸಿ, "ಒಳ್ಳೇದ್ ಮಾಡ್ದೆ ಕಣಮ್ಮ," ಎಂದರು.

ಹಳೆಯ ವರ್ಕ್‌ಶಾಪಿನವರು ಯಲ್ಲಯ್ಯನನ್ನು ಮತ್ತೆ ಸೇರಿಸಿಕೊಂಡರು. ನಾಲ್ಕು ತಿಂಗಳ ನಂತರ ಅವನು ಬೇರೊಬ್ಬ ಏಜೆಂಟನ ಮೂಲಕ ಮಸ್ಕತ್‌ಗೆ ಹೋದ, ಲೇತ್ ಕೆಲಸಕ್ಕೇ; ಈ ಸಲ ವೀಸಾದಲ್ಲೂ ಹಾಗೇ ಇತ್ತು. ಮೊದಲ ವಾರದಲ್ಲೇ ಹೇಮಶ್ರೀಗೆ ಫೋನ್ ಬಂತು: "ಸೆಕೆ ಜಾಸ್ತಿ ಕಣವ್ವ, ಊಟ ಸೇರಾಕಿಲ್ಲ. ಮಿಷಿನ್ ಮಾತ್ರ ಬಲು ಚೆನ್ನಾಗೈತೆ."