ಅಬಿನಾಳ ಕಾವಲು ಪಾಳಿ

"ಓಡ್ರೋ, ಓಡ್ರೋ! ಅವರು ಸೇತುವೆ ಹತ್ರ ಬಂದ್ಬಿಟ್ರು!"

ಡೆಲಿಯಾ ಹೀಗೆ ಕೂಗಿಕೊಂಡಾಗ ಅವಳ ಸೋದರತ್ತೆ ಅಬಿನಾ ಟೂಮಿಯ ಶವಪೆಟ್ಟಿಗೆ ಆರು ಜನರ ಹೆಗಲ ಮೇಲೆ ಗುಡ್ಡದ ಇಳಿಜಾರಿನಲ್ಲಿತ್ತು. ಕೆಳಗೆ, ಪೇಟೆಯ ಕಡೆಯಿಂದ ಬರುವ ಡಾಂಬರು ರಸ್ತೆಯಲ್ಲಿ, ಕ್ಯಾಪ್ಟನ್ ಬ್ಯಾಟ್ ಕ್ರೆಮಿನ್‌ನ ಹೆಣ ಹೊತ್ತ ಕಪ್ಪು ಕಾರು ಕಾಣಿಸಿತು. ಅದರ ಹಿಂದೆ ಬ್ಯಾಂಡು, ಬ್ಯಾಂಡಿನ ಹಿಂದೆ ಮೂವತ್ತು ನಲವತ್ತು ಕಾರು. ಎರಡು ದಾರಿಗಳೂ ಕೂಡುವುದು ಒಂದೇ ಕಡೆ: ಕಿಲ್‌ಫಾದಾ ಸ್ಮಶಾನದ ಕಬ್ಬಿಣದ ಗೇಟಿನ ಮುಂದೆ.

"ಇದು ಹೆಣ ಕಣೇ, ಹಾಲಿನ ಕ್ಯಾನ್ ಅಲ್ಲ," ಎಂದ ಮುಂದಿನ ಎಡಹೆಗಲಿನಲ್ಲಿದ್ದ ಅವಳ ಗಂಡ ಟೇಗ್, ಏದುಸಿರು ಬಿಡುತ್ತ.

"ಹಾಲಿನ ಕ್ಯಾನ್ ಆಗಿದ್ರೆ ಇಷ್ಟೊತ್ತಿಗೆ ಡೈರಿಗೆ ಹಾಕಿ ವಾಪಸ್ ಬಂದಿರ್ತಿದ್ದೆ ನೀನು. ನಡಿ ನಡಿ!"

"ಸತ್ತೋರನ್ನ ಹೊತ್ಕೊಂಡು ಓಟದ ಪಂದ್ಯ!" ಹಿಂದಿನಿಂದ ಪಾದ್ರಿ ಹೊರ್ಗನ್ ಗೊಣಗಿದರು. "ಶುದ್ಧ ಮೂಢನಂಬಿಕೆ. ಪಾಪ ಇದು, ಪಾಪ." ಹಾಗೆನ್ನುತ್ತಲೇ ಅವರು ನಿಲುವಂಗಿಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು ಓಡುತ್ತಿದ್ದರು.

ಮೂಢನಂಬಿಕೆಯೋ ಏನೋ, ಆ ಕಣಿವೆಯಲ್ಲಿ ಅದನ್ನು ನಂಬುವುದಿಲ್ಲ ಎಂದವರು ಕೂಡ ಪರೀಕ್ಷೆ ಮಾಡಲು ಹೋಗಿರಲಿಲ್ಲ. ಕೊನೆಗೆ ಒಳಗೆ ಹೋದ ಹೆಣವೇ ಸ್ಮಶಾನದ ಗೇಟು ಕಾಯಬೇಕು. ಮುಂದಿನ ಹೆಣ ಬಂದು ಬಿಡಿಸುವ ತನಕ ಮಳೆಯೆನ್ನದೆ ಗಾಳಿಯೆನ್ನದೆ ಅಲ್ಲಿ ನಿಂತಿರಬೇಕು. ಮೊದಲಾದರೆ ಅದು ಹದಿನೈದು ದಿನದ ಮಾತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಯಾರಾದರೊಬ್ಬರು ಬಂದೇ ಬರುತ್ತಿದ್ದರು. ಈಗ ಹಾಗಲ್ಲ. ಕಿಲ್‌ಫಾದಾ ತುಂಬಿಹೋಗಿ ಪೇಟೆಯಾಚೆ ಹೊಸ ಸ್ಮಶಾನವಾಗಿದೆ. ಹಳೆಯದರಲ್ಲಿ ಜಾಗ ಉಳಿದದ್ದು ಮೂವರಿಗೆ ಮಾತ್ರ: ಅಬಿನಾ, ಕ್ಯಾಪ್ಟನ್, ಮತ್ತೆ ಹೆಂಡತಿಯನ್ನು ಅಲ್ಲೇ ಮಣ್ಣು ಮಾಡಿದ್ದ ಕಾನ್ ಲೂಸಿ. ಅರವತ್ತು ದಾಟಿದ ಕಾನ್ ಇವತ್ತಿಗೂ ಹೋರಿಯ ಕೊಂಬು ಹಿಡಿದು ನಿಲ್ಲಿಸುವಷ್ಟು ಗಟ್ಟಿ. ಇವತ್ತು ಸೋತವರು ಎಷ್ಟು ವರ್ಷ ನಿಲ್ಲಬೇಕೋ ದೇವರಿಗೇ ಗೊತ್ತು.

"ಗೇಟು ಕಾಯೋ ಕೆಲಸ ನನಗೆ ಬೇಡ ಕಣೇ," ಎಂದು ಅಬಿನಾ ಐದು ದಿನದ ಹಿಂದೆ ಡೆಲಿಯಾಳ ಕೈ ಹಿಡಿದುಕೊಂಡಿದ್ದಳು. "ಆ ಕೆಲಸ ಬೇಕಾದಷ್ಟು ಮಾಡಿದೀನಿ. ಮಾತು ಕೊಡು." ಡೆಲಿಯಾ ಮಾತು ಕೊಟ್ಟಳು. ಮಾರನೆಯ ದಿನ ಕ್ಯಾಪ್ಟನ್ ತೀರಿಕೊಂಡ ಸುದ್ದಿ ಬಂತು. ಅದನ್ನು ಕೇಳಿದ ರಾತ್ರಿಯೇ ಅಬಿನಾ ಕಣ್ಣು ಮುಚ್ಚಿದಳು. "ಸಾಯೋದ್ರಲ್ಲೂ ಅವನ ಮೇಲೆ ಜಿದ್ದು," ಎಂದಿದ್ದ ಟೇಗ್.

ಅವಳ ಪೆಟ್ಟಿಗೆಯ ಮೇಲೆ ಹೂವಿರಲಿಲ್ಲ, ಬಾವುಟವಿರಲಿಲ್ಲ. ಅವಳೇ ಕೇಳಿಕೊಂಡಂತೆ ಒಂದು ಹಳೆಯ ಬಿಳಿ ದುಪ್ಪಟಿ ಹೊದಿಸಿದ್ದರು.

* * *

ಸಾವಿರದ ಒಂಬೈನೂರ ಇಪ್ಪತ್ತೊಂದರ ಫೆಬ್ರುವರಿ. ಅಬಿನಾಗೆ ಆಗ ಹತ್ತೊಂಬತ್ತು. ಕಣಿವೆಯ ಹುಡುಗರೆಲ್ಲ ಬ್ರಿಟಿಷರ ಮೇಲೆ ತಿರುಗಿಬಿದ್ದಿದ್ದ ಕಾಲ. ಟ್ಯಾನ್ ಎಂದು ಜನ ಕರೆಯುತ್ತಿದ್ದ ಸರ್ಕಾರಿ ಪೊಲೀಸರು ಲಾರಿಗಳಲ್ಲಿ ಬಂದು ಮನೆ ಸುಟ್ಟು ಹೋಗುತ್ತಿದ್ದರು. ಅಂಥ ಒಂದು ಲಾರಿಗೆ ಹೊಂಚು ಹಾಕಲು ಬ್ಯಾಟ್ ಕ್ರೆಮಿನ್ ಹನ್ನೆರಡು ಜನರನ್ನು ಕಟ್ಟಿಕೊಂಡು ಬಂದಿದ್ದ.

"ಲಾರಿ ಕಂಡ ತಕ್ಷಣ ಈ ದುಪ್ಪಟೀನ ಮುಳ್ಳಿನ ಪೊದೆ ಮೇಲೆ ಹರವು," ಎಂದ ಅವನು, ಗುಡ್ಡದ ನೆತ್ತಿಯ ಬಂಡೆ ತೋರಿಸಿ. "ಬಟ್ಟೆ ಒಣಗಿಸ್ತಿದೀಯ ಅಂದ್ಕೋತಾರೆ. ನಿನ್ನ ಬಿಡಿಸೋಕೆ ನಾನು ಆಳು ಕಳಿಸ್ತೀನಿ. ಅಲ್ಲೀವರೆಗೆ ಕದಲಬೇಡ."

"ಮಳೇಲಿ ಯಾರಾದ್ರೂ ಬಟ್ಟೆ ಒಣಗಿಸ್ತಾರಾ ಕ್ಯಾಪ್ಟನ್?"

"ಅಷ್ಟೆಲ್ಲ ಯೋಚಿಸೋ ತಲೆ ಟ್ಯಾನ್‌ಗಳಿಗಿಲ್ಲ."

"ನಿಮಗೂ ಇದ್ದ ಹಾಗೆ ಕಾಣಲ್ಲ," ಎಂದಳು ಅಬಿನಾ. ಹುಡುಗರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಕಾನ್ ಲೂಸಿ.

ಲಾರಿ ಬಂತು. ಅಬಿನಾ ದುಪ್ಪಟಿ ಹರವಿದಳು. ಹತ್ತು ನಿಮಿಷ ಗುಂಡಿನ ಸದ್ದಿಗೆ ಕಣಿವೆಯ ಕಾಗೆಗಳೆಲ್ಲ ಎದ್ದು ಹಾರಿದವು. ನಮ್ಮವರಲ್ಲಿ ಒಬ್ಬನಿಗೂ ಗೀರು ಗಾಯವಿಲ್ಲ! ಹುಡುಗರು ಕಸಿದುಕೊಂಡ ಬಂದೂಕುಗಳನ್ನು ಹೊತ್ತು, ಕೇಕೆ ಹಾಕುತ್ತ ಗುಡ್ಡದಾಚೆಯ ತೋಟದ ಮನೆಗೆ ಹೋದರು. ಅಲ್ಲಿ ಹಂದಿ ಮಾಂಸ, ಎಲೆಕೋಸು, ಬೇಯಿಸಿದ ಆಲೂಗಡ್ಡೆ ಕಾದಿತ್ತು.

ಅಬಿನಾ ಬಂಡೆಯ ಮೇಲೇ ಇದ್ದಳು. ಆಳು ಬರಲಿಲ್ಲ. ರಾತ್ರಿಯಿಡೀ ಮಳೆ ಹೊಡೆಯಿತು. ಬೆಳಗಾದಾಗ ಅವಳ ಕಣ್ಣಿಗೆ ಬಿದ್ದದ್ದು ಮೂರು ಲಾರಿ, ಅದೂ ಗುಡ್ಡದ ಹಿಂಬದಿಯ ದಾರಿಯಲ್ಲಿ, ನೇರ ಆ ತೋಟದ ಮನೆಯ ಕಡೆಗೆ. ಅವಳು ದುಪ್ಪಟಿ ಕೊಡವಿ ಆ ಬದಿಯ ಪೊದೆಯ ಮೇಲೆ ಹರವಿದಳು. ಉಚ್ಚೆಗೆಂದು ಅಂಗಳಕ್ಕೆ ಬಂದಿದ್ದ ಕಾನ್‌ಗೆ ಬೆಟ್ಟದ ಮೇಲೆ ಬಿಳಿ ಕಂಡಿತು. "ದುಪ್ಪಟಿ! ದುಪ್ಪಟಿ!" ಎಂದು ಕೂಗುತ್ತ, ಬಿಚ್ಚಿದ ಗುಂಡಿ ಬಿಚ್ಚಿದ ಹಾಗೇ ಒಳಗೆ ನುಗ್ಗಿದ. ಹದಿಮೂರು ಜನರೂ ಹಿತ್ತಲ ಬಾಗಿಲಿನಿಂದ ಕಾಲಿಗೆ ಬುದ್ಧಿ ಹೇಳಿದರು. ಟ್ಯಾನ್‌ಗಳಿಗೆ ಸಿಕ್ಕಿದ್ದು ಬೆಚ್ಚಗಿನ ಹಾಸಿಗೆ ಮಾತ್ರ.

ಮಗಳನ್ನು ಹುಡುಕಿಕೊಂಡು ಅಪ್ಪ ಬಂಡೆ ಹತ್ತಿದ್ದು ಅದರ ಮಾರನೆಯ ಸಂಜೆ. ಅವಳ ಬೆರಳು ದುಪ್ಪಟಿಯ ಅಂಚಿಗೆ ಸೆಟೆದುಕೊಂಡಿದ್ದವು. "ಆಳು ಬಂದಿಲ್ಲಪ್ಪ, ನಾನು ಬರಲ್ಲ," ಎಂದಳು. ಕೊನೆಗೆ ಅಪ್ಪನೇ ಅವಳನ್ನು ಬೆನ್ನ ಮೇಲೆ ಹೇರಿಕೊಂಡು ಇಳಿದ. ಅಂದು ಹಿಡಿದ ಕೆಮ್ಮು ಅವಳನ್ನು ಕೊನೆಯವರೆಗೂ ಬಿಡಲಿಲ್ಲ.

ಕ್ಯಾಪ್ಟನ್ ಆಮೇಲೆ ಎರಡು ಸಲ ಅವಳ ಮನೆ ಬಾಗಿಲಿಗೆ ಬಂದಿದ್ದ. ಅಷ್ಟು ಹೊತ್ತಿಗೆ ಬ್ರಿಟಿಷರ ಜೊತೆ ಒಪ್ಪಂದವಾಗಿ, ಒಂದಾಗಿದ್ದವರು ಅದನ್ನು ಒಪ್ಪಿದವರು, ಒಪ್ಪದವರು ಎಂದು ಎರಡಾಗಿದ್ದರು. ಅವನ ಮೈಮೇಲೆ ಹೊಸ ಸರ್ಕಾರದ ಹಸಿರು ಸಮವಸ್ತ್ರವಿತ್ತು. ಎರಡು ಸಲವೂ ಅವಳು ಬಾಗಿಲು ಹಾಕಿಕೊಂಡಳು. ಆದರೆ ದುಪ್ಪಟಿ ಕಂಡು ಎಲ್ಲರ ಜೀವ ಉಳಿಸಿದ ಕಾನ್‌ಗೆ ಮಾತ್ರ ಪ್ರತಿ ಕ್ರಿಸ್‌ಮಸ್‌ಗೂ ತಪ್ಪದೆ ಒಂದು ಹಣ್ಣಿನ ಕೇಕು ಹೋಗುತ್ತಿತ್ತು.

* * *

ಸೇತುವೆ ಕಿರಿದು. ಅಲ್ಲಿಂದ ಗೇಟಿನವರೆಗೆ ಕ್ಯಾಪ್ಟನ್‌ನನ್ನೂ ಹೆಗಲ ಮೇಲೇ ಒಯ್ಯಬೇಕು. ಹಳೆಯ ಸಂಗಡಿಗರು ಆರು ಮಂದಿ, ಕೋಟಿನ ಮೇಲೆ ಪದಕ ಸಿಕ್ಕಿಸಿಕೊಂಡವರು, ಮೂರು ಬಣ್ಣದ ಬಾವುಟ ಹೊದಿಸಿದ ಪೆಟ್ಟಿಗೆಗೆ ಹೆಗಲು ಕೊಟ್ಟರು. ಮುಂದಿನ ಬಲಹೆಗಲು ಕಾನ್ ಲೂಸಿಯದು. ಬ್ಯಾಂಡಿನ ಡೋಲು ಮೆಲ್ಲಗೆ, ಸಾವಿನ ನಡಿಗೆಯ ತಾಳ ಹಿಡಿಯಿತು. ಧಮ್... ಧಮ್...

"ಮಿಲಿಟರಿ ಮರ್ಯಾದೆ!" ಡೆಲಿಯಾ ಕುಣಿದುಬಿಟ್ಟಳು. "ಅವರು ಒಂದು ಹೆಜ್ಜೆ ಇಡೋಷ್ಟರಲ್ಲಿ ನಾವು ನಾಲ್ಕು ಇಡಬಹುದು. ಟೇಗ್, ಗದ್ದೆ ಅಡ್ಡ ಹಾಯಿ!"

"ಬೇಲಿ ಇದೆಯಲ್ಲೇ!"

"ಬೇಲಿ ನಾನು ಕೀಳ್ತೀನಿ!"

ಕಿತ್ತಳು. ಪೆಟ್ಟಿಗೆ ಬೇಲಿ ದಾಟಿತು, ಹಳ್ಳ ದಾಟಿತು. ಹಿಂದೆ ಬಂದ ಪಾದ್ರಿ ಹಳ್ಳದಲ್ಲಿ ಒಂದು ಶೂ ಕಳೆದುಕೊಂಡರು. "ಬಿಡ್ರಪ್ಪಾ ಅದನ್ನ, ಆಮೇಲೆ ನೋಡ್ಕೊಳೋಣ! ನಡೀರಿ, ಮುಂದೆ ನಡೀರಿ!" ಎಂದು ಕೂಗಿದವರು ಅವರೇ.

ಕೆಳಗೆ ಕ್ಯಾಪ್ಟನ್‌ನ ಮಗ ಫ್ರಾಂಕ್, ಪೇಟೆಯಲ್ಲಿ ಕಬ್ಬಿಣದ ಅಂಗಡಿ ಇಟ್ಟವನು, ಗದ್ದೆಯಲ್ಲಿ ಹಾರಿ ಬರುತ್ತಿರುವ ಬಿಳಿ ದುಪ್ಪಟಿಯನ್ನು ಕಂಡು ಬೆವೆತುಹೋದ. ಡೋಲಿನವನ ಬೆನ್ನಿಗೆ ಗುದ್ದಿದ. "ಬೇಗ ಬಾರಿಸೋ! ಇನ್ನೂ ಬೇಗ!" ಸಾವಿನ ತಾಳ ಮದುವೆಯ ತಾಳವಾಯಿತು. ಅರವತ್ತು ದಾಟಿದ ಆರು ಮುದುಕರು ಪದಕ ಕಿಣಿಕಿಣಿ ಎನ್ನಿಸುತ್ತ ಓಡತೊಡಗಿದರು. ಕಾರುಗಳಲ್ಲಿ ಬಂದ ದೊಡ್ಡ ಮನುಷ್ಯರು ಟೋಪಿ ಹಿಡಿದುಕೊಂಡು ಅವರ ಹಿಂದೆ ಓಡಿದರು. ನಲವತ್ತು ವರ್ಷದಲ್ಲಿ ಆ ಕಣಿವೆ ಇಂಥ ಓಟ ಕಂಡಿರಲಿಲ್ಲ.

* * *

ಒಂಬತ್ತು ವರ್ಷದ ಹಿಂದೆ ಡಬ್ಲಿನ್‌ನಿಂದ ಒಬ್ಬ ಅಧಿಕಾರಿ ಬಂದಿದ್ದ. ಹೋರಾಟದಲ್ಲಿದ್ದವರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವ ಕೆಲಸ ಅವನದು. ಕ್ಯಾಪ್ಟನ್ ಮೂರು ದಿನ ಹೇಳಿದ್ದನಂತೆ. ಅಬಿನಾ ಅಡುಗೆಮನೆಯಲ್ಲಿ ಚಹಾ ಕೊಟ್ಟು ಅರ್ಧ ಗಂಟೆಯಲ್ಲಿ ಮುಗಿಸಿದಳು. ಡೆಲಿಯಾ ಪಕ್ಕದಲ್ಲೇ ರೊಟ್ಟಿ ಕೊಯ್ಯುತ್ತಿದ್ದಳು.

"ಕಾವಲಿಗೆ ನಿಂತಿದ್ದು ಸೋಮವಾರ ಬೆಳಿಗ್ಗೆ," ಎಂದು ಓದಿಕೊಂಡ ಅಧಿಕಾರಿ. "ನಿಮ್ಮನ್ನ ಬಿಡಿಸೋಕೆ ಬಂದೋರು ಯಾರಮ್ಮ?"

"ಇನ್ನೂ ಯಾರೂ ಬಂದಿಲ್ಲ."

ಅವನು ನಕ್ಕ. ಅಬಿನಾ ನಗಲಿಲ್ಲ. "ಬರ್ಕೊಳ್ಳಿ," ಎಂದಳು. ಅವನು ಬರೆದುಕೊಂಡ. ಓದಿ ಹೇಳಿಸಿಕೊಂಡು, ಅಡಿಯಲ್ಲಿ ಸಹಿ ಹಾಕಿದಳು. ಆ ಕಾಗದಗಳನ್ನೆಲ್ಲ ಬೀಗ ಹಾಕಿಟ್ಟು ಇವರೆಲ್ಲ ಸತ್ತ ಮೇಲೆ ತೆಗೆಯುತ್ತಾರಂತೆ.

* * *

ಹತ್ತೇ ಹೆಜ್ಜೆ. ಬರೀ ಹತ್ತು ಹೆಜ್ಜೆಯಲ್ಲಿ ಕ್ಯಾಪ್ಟನ್‌ನ ಕಡೆಯವರು ಗೆದ್ದರು. ಫ್ರಾಂಕ್‌ನ ಕೈ ಗೇಟಿನ ಮೇಲಿತ್ತು. ಡೆಲಿಯಾ ಅತ್ತೆಗೆ ಕೊಟ್ಟ ಮಾತು ಹೋಯಿತು.

"ಕಂಪನಿ, ನಿಲ್ಲು!"

ಅದು ಕ್ಯಾಪ್ಟನ್‌ನ ದನಿ. ಥೇಟ್ ಅದೇ ಗದರಿಕೆ. ಬಂದೂಕಿಲ್ಲದ ಕಾಲದಲ್ಲಿ ಪೊರಕೆ ಕೋಲು ಹಿಡಿದು ಅವನಿಂದ ಕವಾಯತು ಕಲಿತಿದ್ದ ಐದು ಮುದುಕರು ನಿಂತಲ್ಲೇ ನಿಂತುಬಿಟ್ಟರು. ಡೋಲು ನಿಂತಿತು. ಟೇಗ್ ಕೂಡ ನಿಂತ, ಪಾದ್ರಿ ಬಂದು ಅವನ ಬೆನ್ನಿಗೆ ಢಿಕ್ಕಿ ಹೊಡೆದರು. ಕೂಗಿದವನು ಕಾನ್ ಲೂಸಿ.

"ಏನಾಯ್ತು ಚಿಕ್ಕಪ್ಪ?" ಎಂದ ಫ್ರಾಂಕ್. "ಕಾಲು ಉಳುಕ್ತಾ?"

"ಉಳುಕಿಲ್ಲ. ಪೆಟ್ಟಿಗೆ ಇಳಿಸ್ರಪ್ಪ. ಅಬಿನಾ ಮೊದಲು ಹೋಗ್ಲಿ."

"ತಲೆ ಕೆಟ್ಟಿದ್ಯಾ ನಿಮಗೆ? ಗೆದ್ದೋರು ನಾವು! ನಮ್ಮಪ್ಪ ಗೇಟು ಕಾಯ್ಬೇಕಾ?"

"ಕಾಯ್ಬೇಕು. ಅವಳನ್ನ ಕಾವಲಿಗೆ ನಿಲ್ಲಿಸಿದೋನು ಅವನು. ಬಿಡಿಸಬೇಕಾದೋನೂ ಅವನೇ."

"ಈಗ ನೆನಪಾಯ್ತಾ?" ಡೆಲಿಯಾ ಸಿಡಿದಳು. "ನಿಮ್ಮ ಕ್ಯಾಪ್ಟನ್ ಮರೆತು ನಲವತ್ತು ವರ್ಷ ಆಯ್ತು!"

ಕಾನ್ ಉಳಿದ ಐವರ ಜೊತೆ ಪೆಟ್ಟಿಗೆಯನ್ನು ಗೇಟಿನ ಹೊರಗಿನ ಕಲ್ಲಿನ ಮೇಲೆ ಇಳಿಸಿ, ಟೋಪಿ ತೆಗೆದ.

"ಅವನು ಮರೀಲಿಲ್ಲ ಕಣಮ್ಮ. ತೋಟದ ಮನೆ ಮುಟ್ಟಿದ ಕೂಡ್ಲೇ, 'ಕಾನ್, ಹೋಗಿ ಅಬಿನಾನ ಕರ್ಕೊಂಡ್ ಬಾ' ಅಂದ. ನನ್ನ ಮುಂದೆ ತಟ್ಟೆ ಬಂದಿತ್ತು. ಇದೊಂದು ತಟ್ಟೆ ತಿಂದು ಹೋಗ್ತೀನಿ ಅಂದ್ಕೊಂಡೆ. ಇನ್ನೊಂದು ತಟ್ಟೆ ಹಾಕಿದ್ರು. ಒಲೆ ಬೆಚ್ಚಗಿತ್ತು, ಹಾಗೇ ಕಣ್ಣು ಹತ್ತಿಬಿಡ್ತು. ಬೆಳಿಗ್ಗೆ ಆ ಬಿಳಿ ದುಪ್ಪಟಿ ಕಂಡಾಗಲೇ ನನಗೆ ಅವಳ ನೆನಪಾಗಿದ್ದು."

ಕಾನ್ ಕಲ್ಲಿನ ಮೇಲಿನ ಪೆಟ್ಟಿಗೆಯ ಕಡೆ ತಿರುಗಿದ.

"ಕ್ಯಾಪ್ಟನ್‌ಗೆ ಗೊತ್ತಿತ್ತು. ಯಾರ ಮುಂದೇನೂ ನನ್ನ ಹೆಸರೆತ್ತಲಿಲ್ಲ. 'ನಾಯಕ ನಾನು, ಬೈಸಿಕೊಳ್ಳೋನೂ ನಾನೇ' ಅಂದ. ಅವಳು ಸಾಯೋವರೆಗೂ ಅವನ ಮುಖ ನೋಡಲಿಲ್ಲ. ನನಗೆ ಕೇಕು ಕಳಿಸ್ತಿದ್ಲು."

ಡೆಲಿಯಾಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಳು ಬಂತು. "ಆ ಕೇಕು ನಿಮ್ಮ ಗಂಟಲಲ್ಲಿ ಹೇಗೆ ಇಳೀತು?"

"ಇಳೀತಿತ್ತು ತಾಯಿ. ರುಚಿಯಾಗೇ ಇರ್ತಿತ್ತು. ಅದಕ್ಕೇ ನಾಚಿಕೆ."

"ತಪ್ಪು ನಿಮ್ಮದು, ಗೇಟು ನೀವೇ ಕಾಯಿರಿ," ಎಂದ ಫ್ರಾಂಕ್. ಅವನ ದನಿ ಮಾತ್ರ ಮೊದಲಿನ ಹಾಗಿರಲಿಲ್ಲ. "ನಮ್ಮಪ್ಪ ಯಾಕೆ ನಿಲ್ಲಬೇಕು?"

"ಕಾಯ್ತೀನಿ ಮಗಾ. ನನಗೂ ಇಲ್ಲೇ ಜಾಗ ಇದೆಯಲ್ಲ. ಇವತ್ತು ಅವಳನ್ನ ಅವನು ಬಿಡಿಸ್ಲಿ. ಅವನನ್ನ ಬಿಡಿಸೋಕೆ ನಾನು ಬರ್ತೀನಿ. ಈ ಸಲ ಊಟಕ್ಕೆ ಕೂರಲ್ಲ."

"ಆಮೇಲೆ ನಿನ್ನ ಬಿಡಿಸೋಕೆ ಯಾರು ಬರ್ತಾರೋ ಕಾನ್?" ಹೆಗಲು ಕೊಟ್ಟಿದ್ದ ಮುದುಕರಲ್ಲೊಬ್ಬ ಮೆಲ್ಲಗೆ ಕೇಳಿದ.

ಫ್ರಾಂಕ್ ಅಪ್ಪನ ಪೆಟ್ಟಿಗೆಯನ್ನೊಮ್ಮೆ, ಗೇಟನ್ನೊಮ್ಮೆ ನೋಡಿದ. ಆಮೇಲೆ ಗೇಟನ್ನು ಪೂರ್ತಿ ತೆರೆದು ಹಿಡಿದು, ಪಕ್ಕಕ್ಕೆ ಸರಿದು ನಿಂತ.

ಡೆಲಿಯಾ ಪೆಟ್ಟಿಗೆಯ ಮೇಲಿನ ದುಪ್ಪಟಿಯನ್ನು ಎಳೆದಳು. ಗಾಳಿಗೆ ಅದು ಹಾರಿತು. ಇನ್ನೊಂದು ಅಂಚನ್ನು ಕಾನ್ ಹಿಡಿದುಕೊಂಡ. ಬಟ್ಟೆ ಒಗೆದ ದಿನ ಅಂಗಳದಲ್ಲಿ ಮಡಿಸುವಂತೆ ಇಬ್ಬರೂ ಅಂಚಿಗೆ ಅಂಚು ಸೇರಿಸಿ ಮಡಿಸಿದರು, ಹತ್ತಿರ ಬಂದರು, ಮತ್ತೆ ಮಡಿಸಿದರು. "ತಗೊಳ್ಳಿ," ಎಂದು ಡೆಲಿಯಾ ಅದನ್ನು ಅವನ ಕೈಯಲ್ಲಿಟ್ಟಳು. ಅವನು ಅದನ್ನು ಕ್ಯಾಪ್ಟನ್‌ನ ಬಾವುಟದ ಮೇಲಿಟ್ಟ. ಅಬಿನಾ ಒಳಗೆ ಹೋದಳು. ಒಂಟಿ ಶೂ ಹಾಕಿಕೊಂಡ ಪಾದ್ರಿ ಕುಂಟುತ್ತ, ಗಂಟಲೆತ್ತಿ ಪ್ರಾರ್ಥನೆ ಹೇಳುತ್ತ ಹಿಂದೆ ನಡೆದರು.

ಅವಳಿಗೆ ಮಣ್ಣು ಮುಚ್ಚಿದ ಮೇಲೆಯೇ ಕ್ಯಾಪ್ಟನ್‌ನನ್ನು ಒಳಗೆ ತಂದರು. ಗುಂಡಿಗೆ ಇಳಿಸುವ ಮುಂಚೆ ಫ್ರಾಂಕ್ ದುಪ್ಪಟಿಯನ್ನು ಕಾನ್‌ನ ಕೈಗೆ ಕೊಟ್ಟು ಬಾವುಟ ಮಡಿಸಿಕೊಂಡ. ಗೌರವದ ಗುಂಡು ಹಾರಿಸಲು ಬಂದಿದ್ದ ಸಿಪಾಯಿಗಳು ಬಂದೂಕು ಎತ್ತಿದರು. ಮೂರು ಸುತ್ತು ಹಾರಿತು, ಮರಗಳ ಕಾಗೆಗಳೆಲ್ಲ ಎದ್ದವು, ಹೆಂಗಸರು ಕಿವಿ ಮುಚ್ಚಿಕೊಂಡರು. ಡೆಲಿಯಾ ತಿರುಗಿ ನೋಡಿದಳು. ಗೇಟಿನ ಹೊರಗೆ, ಸ್ಮಶಾನಕ್ಕೆ ಬೆನ್ನು ಮಾಡಿ, ರಸ್ತೆಯ ಎರಡೂ ಕಡೆ ಕಣ್ಣಾಡಿಸುತ್ತ ಕಾನ್ ಲೂಸಿ ನೆಟ್ಟಗೆ ನಿಂತಿದ್ದ. ಮಡಿಸಿದ ದುಪ್ಪಟಿ ಅವನ ಕಂಕುಳಲ್ಲಿತ್ತು.